ಮೋಟೆಬೆನ್ನೂರಿನ ಕೆರೆಗೆ ಬಂದ ಜಿಲೇಬಿ ಮೀನು

ಹಾವೇರಿಯಲ್ಲಿ ಬೆಳಗಿನ ಬಸ್ಸು ಹತ್ತುವಾಗಲೇ ನನ್ನ ತಲೆ ಕಾದಿತ್ತು. ನನ್ನ ಖಾನಾವಳಿಗೆ ಮೀನು ಬರುವುದು ಮೋಟೆಬೆನ್ನೂರಿನ ಹತ್ತಿರ ಕೆರೆ ಗುತ್ತಿಗೆ ಹಿಡಿದಿರುವ ತಮ್ಮ ಹನುಮಂತನಿಂದ. "ಅಕ್ಕಾ, ಬಲಿಯೊಳಗ ಕಟ್ಲಾ ಇಲ್ಲ, ರೋಹು ಇಲ್ಲ. ಬರೇ ಜಿಲೇಬಿ" ಎಂದು ಫೋನಿನಲ್ಲಿ ಅಳುವುದೊಂದು ಬಾಕಿ ಇಟ್ಟಿದ್ದ. ತಿಲಾಪಿಯಾಕ್ಕೆ ನಮ್ಮ ಕಡೆ ಜಿಲೇಬಿ ಎನ್ನುತ್ತಾರೆ. ಆಫ್ರಿಕಾದ ಮೀನಂತೆ. ಅಲ್ಲೇ ಬಿದ್ದಿರಲಿಕ್ಕೆ ಏನಾಗಿತ್ತು ಧಾಡಿ!

ಹೆಂಗಸರಿಗೆ ಟಿಕೆಟ್ ಪುಕ್ಕಟೆ. ಆಧಾರ್ ತೋರಿಸಿ ಕುಳಿತೆ. ಹೆದ್ದಾರಿಯುದ್ದಕ್ಕೂ ಬ್ಯಾಡಗಿ ಪೇಟೆಗೆ ಹೊರಟ ಮೆಣಸಿನಕಾಯಿ ಲಾರಿಗಳು. ಘಾಟಿಗೆ ಇಡೀ ಬಸ್ಸೇ ಸೀನಿತು. ಅರ್ಧ ತಾಸಿನಲ್ಲಿ ಇಳಿದೆ.

ಕೆರೆಯಂಚಿನ ಕೆಸರಿನ ತುಂಬ ತಟ್ಟೆಯಗಲದ ಕುಳಿಗಳು. ಅವನ್ನು ತೋಡುವುದು ಗಂಡು ಜಿಲೇಬಿ. ಹೆಣ್ಣು ಅಲ್ಲಿ ತತ್ತಿ ಇಟ್ಟು ಬಾಯಲ್ಲಿ ತುಂಬಿಕೊಳ್ಳುತ್ತದೆ. ಮರಿಗಳಾಗಿ ಈಜುವವರೆಗೂ ಉಪವಾಸವೇ ಇರುತ್ತದೆ. ಆಮೇಲೂ ಮರಿಗಳು ಹೆದರಿದರೆ ತಾಯಿಯ ಬಾಯಿಗೇ ನುಗ್ಗುತ್ತವೆ. ಹೀಗೆ ಕಾಪಾಡಿದರೆ ಸಾಯುವುದೆಲ್ಲಿ? ಕೆರೆ ತುಂಬ ಅವೇ ಆಗುತ್ತವೆ, ಮೇವು ಸಾಲದೆ ಒಂದೂ ಅಂಗೈ ಮೀರಿ ಬೆಳೆಯುವುದಿಲ್ಲ.

"ಕೆರಿ ಒಣಗಿದಾಗ ಸ್ವಚ್ಛ ಮಾಡಿ ಕಟ್ಲಾ ಮರಿ ಬಿಟ್ಟಿದ್ದೆ. ಯಾವಾಂವ ಇದನ್ನ ತಂದು ಬಿಟ್ಟಾನೋ! ಕೈಯಾಗ ಸಿಗಲಿ, ಕಾಲು ಮುರೀತೀನಿ" ಎಂದ ಹನುಮಂತ.

"ಕಾಲ್ಯಾಕೋ? ಬಿಟ್ಟದ್ದು ಕೈ. ಕೈ ಮುರಿ" ಎಂದೆ.

ಅವನ ಹೆಂಡತಿ ರೇಣವ್ವ ಬುಟ್ಟಿ ತುಂಬಿಸುತ್ತಿದ್ದಳು. ಈ ಸಲವೂ ಮೀನು ಕೈಕೊಟ್ಟರೆ ಗುತ್ತಿಗೆ ಹಣ ಕಟ್ಟಲಾಗದೆ ಕೆರೆ ಬೇರೆಯವರ ಪಾಲಾಗುತ್ತದೆ. ಈ ಕಸುಬು ಬಿಟ್ಟರೆ ತಮ್ಮನಿಗೆ ಮತ್ತೊಂದು ಗೊತ್ತಿಲ್ಲ.

ಬುಟ್ಟಿಗಳನ್ನು ಹೊತ್ತು ನಾನೂ ರೇಣವ್ವನೂ ಮಾರಲು ರಾಣೇಬೆನ್ನೂರಿನ ಬಸ್ಸು ಹತ್ತಿದೆವು. "ಮೀನಿಗೆ ಲಗೇಜ್ ಟಿಕೆಟ್ ತಗೋರಿ" ಎಂದ ಕಂಡಕ್ಟರ್. ನಾವು ಪುಕ್ಕಟೆ, ಈ ದರಿದ್ರ ಮೀನಿಗೆ ಟಿಕೆಟ್! ದಾರಿಯುದ್ದಕ್ಕೂ ಅದನ್ನು ಬಿಟ್ಟವರ ಮನೆ ಹಾಳಾಗಲಿ, ಕೈಗೆ ಹುಳ ಬೀಳಲಿ ಎಂದು ಶಾಪ ಹಾಕಿದೆ. ರೇಣವ್ವ ಕಿಟಕಿಯಾಚೆ ನೋಡುತ್ತಿದ್ದಳು.

ರಾಣೇಬೆನ್ನೂರಿನ ಮೀನು ಪೇಟೆಯಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಮೀನು ಮಾರುವ ದುರ್ಗವ್ವ ನಮ್ಮ ಬುಟ್ಟಿಗೆ ಕೈಹಾಕಿ ಮೂಗು ಮುರಿದಳು. "ಬರೇ ಮುಳ್ಳು. ಯಾರ್ ತಗೋತಾರವ್ವಾ ಇದನ್ನ?" ಆಮೇಲೆ ರೇಣವ್ವನ ಗುರುತು ಹಿಡಿದಳು. "ಎರಡು ವರ್ಷದ ಹಿಂದ ನನ್ನ ಕಡೆ ಜಿಲೇಬಿ ತಗೊಂಡು ಕೊಡದೊಳಗ ನೀರು ಹಾಕಿಸ್ಕೊಂಡು ಒಯ್ದೆಲ್ಲ, ಆ ಮೀನು ಬದುಕಿತೇನು?"

ನನಗೆ ಸಿಟ್ಟು ಅಂಗಾಲಿನಿಂದ ನೆತ್ತಿಗೇರಿತು. ರಟ್ಟೆ ಹಿಡಿದು ರೇಣವ್ವನನ್ನು ಮಿರ್ಚಿ ಅಂಗಡಿಯ ಮರೆಗೆ ಎಳೆದೆ.

"ನೀನಽ ಏನ ಕೆರಿಗೆ ಬಿಟ್ಟಾಕಿ?"

"ಹೌದ್ರಿ ಅಕ್ಕಾರ. ಸಾರಿಗಂತ ತಗೊಂಡಿದ್ದೆ. ಅದು ಬಾಯಿ ತೆರೀತು, ಒಳಗ ಮರಿ ಮಿಸುಕಾಡಾಕತ್ತಿದ್ವು. ನಾ ಕೂಸು ಕಳಕೊಂಡು ದವಾಖಾನಿಯಿಂದ ಬರೇ ಉಡಿಲೆ ಬಂದು ತಿಂಗಳಾಗಿರಲಿಲ್ಲ. ಹೆಂಗ ಕೊಯ್ಲಿ?"

"ಅದಕ್ಕ ಗಂಡನ ಕೆರೀನ ಬೇಕಿತ್ತೇನ? ಹಾಳು ಭಾಂವಿ ಒಂದೂ ಕಾಣಲಿಲ್ಲ?" ಜನ ತಿರುಗಿ ನೋಡುವಂತೆ ಬೈದೆ. ಮಿರ್ಚಿ ಮಂಡಕ್ಕಿ ತೆಗೆದುಕೊಂಡೆವು. ಅದರ ಖಾರ ಇಳಿಯಿತು. ಸಿಟ್ಟು ಇಳಿಯಲಿಲ್ಲ. ಮೀನಿನ ಮೇಲೆ, ಇವಳ ಮೇಲೆ, ಆ ದವಾಖಾನೆಯ ಮೇಲೆ, ಎಲ್ಲದರ ಮೇಲೂ ಸಿಟ್ಟು.

ದುರ್ಗವ್ವ ಒಂದು ಬುಟ್ಟಿಯ ಮೀನನ್ನು ಗೊಣಗುತ್ತ ಇಟ್ಟುಕೊಂಡಳು. ಇನ್ನೊಂದನ್ನು ಹಾವೇರಿಗೆ ಒಯ್ಯಲು ನಾನೇ ಇಟ್ಟುಕೊಂಡೆ. ಗರಿಗರಿಯಾಗಿ ಹುರಿದು ಬಡಿಸುತ್ತೇನೆ, ಮುಳ್ಳು ಎಂದು ಯಾರಾದರೂ ಉಸಿರೆತ್ತಲಿ, ನೋಡುತ್ತೇನೆ.

ಸಂಜೆ ಹಾವೇರಿ ಬಸ್ಸು ನಿಂತಾಗ ಮೋಟೆಬೆನ್ನೂರಿನ ನಿಲ್ದಾಣದಲ್ಲಿ ಹನುಮಂತ ಕಾಯುತ್ತಿದ್ದ. ರೇಣವ್ವ ಖಾಲಿ ಬುಟ್ಟಿ ಹಿಡಿದು ಇಳಿದಳು.

"ಯಾರು ಬಿಟ್ಟಾರಂತ ಪತ್ತೆ ಹತ್ತಿತೇನಕ್ಕಾ?"

ರೇಣವ್ವ ನಿಂತಲ್ಲೇ ನಿಂತಳು. ನಾನು ಬಸ್ಸಿನ ಬಾಗಿಲಿಂದಲೇ ಕೂಗಿದೆ: "ನಾನಽ ಬಿಟ್ಟೀನೋ! ಕಾಲು ಮುರೀತೀನಿ ಅಂದಿದ್ದೆಲ್ಲ, ಬಾ, ಮುರಿ!"

ಕಂಡಕ್ಟರ್ ಸೀಟಿ ಊದಿದ. ತಿರುಗಿ ನೋಡಿದಾಗ ಹನುಮಂತ ಕೈಯಾಡಿಸುತ್ತ ಏನೋ ಒದರುತ್ತಿದ್ದ. ಅವನ ಹಿಂದೆ ರೇಣವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.