ಕಾಕು ಮಾಡುತ್ತಿದ್ದ ಕಾಕ್‌ಟೇಲ್

ಮೊನ್ನೆ ಚಿಕ್ಕೋಡಿಯಲ್ಲಿ ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರಲಿಲ್ಲ. ಫ್ರಿಜ್ಜಿನ ಕೆಳಗಿನಿಂದ ನೀರು ಹರಿದು ಅಡುಗೆಮನೆಯ ನೆಲವೆಲ್ಲ ಒದ್ದೆಯಾಗಿತ್ತು. ಒರೆಸಲೆಂದು ಹೋಗಿ ಅದರ ಬಾಗಿಲು ತೆರೆದೆ. ಕರಗಿದ ಕಸ್ಟರ್ಡಿನ ವೆನಿಲಾ ವಾಸನೆ, ಅದರೊಳಗೆ ಬೆರೆತ ಮಾಗಿದ ಚಿಕ್ಕುವಿನ ವಾಸನೆ, ಒಮ್ಮೆಲೇ ಮುಖಕ್ಕೆ ಬಂತು... ಒರೆಸುವ ಬಟ್ಟೆ ಹಿಡಿದುಕೊಂಡೇ ಕುಳಿತುಬಿಟ್ಟೆ. ನಿಪ್ಪಾಣಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ನೆನಪಾದರು.

ಓಣಿಯೆಲ್ಲ ಅವರನ್ನು ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ಕಾಕು ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಆಗ ನಾನು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮದುವೆಯಾಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ಕಾಕು ಜೈನರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಕೆಳಗೆ ಅವರೊಬ್ಬರು, ಮಾಳಿಗೆಯಲ್ಲಿ ನಾನೊಬ್ಬಳು. ಎರಡು ಒಂಟಿತನ ಸೇರಿದರೆ ಒಂದು ಜೊತೆಯಾಗುತ್ತದೆ ಎಂಬ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಆದರೂ ನಮ್ಮಿಬ್ಬರ ಭಾನುವಾರಗಳು ಹೇಗೋ ಸಾಗುತ್ತಿದ್ದವು.

ನಮ್ಮ ಕಡೆ ಕಾಕ್‌ಟೇಲ್ ಎಂದರೆ ಮದ್ಯವಲ್ಲ. ಗಡಿಯ ಕೊಗನೊಳ್ಳಿ ದಾಟಿ ಕೊಲ್ಲಾಪುರಕ್ಕೆ ಹೋದವರು ಉದ್ದನೆಯ ಗ್ಲಾಸಿನಲ್ಲಿ ಚಮಚ ಹಾಕಿ ತಿಂದು ಬರುವ ತಣ್ಣನೆಯ ಹಣ್ಣಿನ ತಿನಿಸು ಅದು. ಮೈಸೂರಿನ ನನ್ನ ಚಿಕ್ಕಮ್ಮನಿಗೆ ಒಮ್ಮೆ ಫೋನಿನಲ್ಲಿ, "ಮನೆ ಒಡತಿ ಭಾನುವಾರ ಭಾನುವಾರ ಕಾಕ್‌ಟೇಲ್ ಮಾಡಿ ಕೊಡ್ತಾರೆ" ಎಂದಿದ್ದಕ್ಕೆ ಆಕೆ ಎರಡು ದಿನ ಊಟ ಬಿಟ್ಟಿದ್ದಳಂತೆ. ಅದನ್ನು ಹೇಳಿದಾಗ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಅವರು ಅದನ್ನು ಮನೆಯಲ್ಲಿ ಮಾಡಲು ಕಲಿತದ್ದು ಮಗಳಿಗಾಗಿ. ಒಬ್ಬಳೇ ಮಗಳು. ಅಂಗಡಿಯ ಗ್ಲಾಸಿಗೆ ಆಸೆಪಟ್ಟು ಅಳುತ್ತಿದ್ದಳಂತೆ. ಹೊರಗಿನ ಮಂಜುಗಡ್ಡೆ ಯಾವ ನೀರಿನದೋ, ಸೋಸಿದ್ದೋ ಇಲ್ಲವೋ, ಜೆಲ್ಲಿಯಲ್ಲಿ ಏನು ಹಾಕುತ್ತಾರೋ ಎಂದು ಕಾಕುವಿಗೆ ಭಯ. ಅದಕ್ಕೇ ಮನೆಯಲ್ಲೇ ಶುರುವಾಯಿತು. ನಾನು ಬಾಡಿಗೆಗೆ ಬರುವಷ್ಟರಲ್ಲಿ ಆ ಮಗಳು ಮನೆಯಲ್ಲಿರಲಿಲ್ಲ. ಕಾಲೇಜು ಮುಗಿಸಿದವಳು ಸಾಧ್ವಿಯರ ಸಂಘದ ಜೊತೆ ಹೋಗಿ ದೀಕ್ಷೆ ತೆಗೆದುಕೊಂಡಿದ್ದಳು. ಈಗ ಆಕೆ ಮಾತಾಜಿ. ಹೆತ್ತ ತಾಯಿಯೂ ಕೈಮುಗಿದು ಬಹುವಚನದಲ್ಲೇ ಮಾತಾಡಿಸಬೇಕು. ದೀಕ್ಷೆಯ ದಿನ ಊರವರು ಕಾಕುವಿಗೆ ಹಾರ ಹಾಕಿ, ಪುಣ್ಯವಂತಿ ಎಂದು ಕೊಂಡಾಡಿದರಂತೆ. ಹಾರ ಹಾಕಿಸಿಕೊಂಡ ಮೇಲೆ ಅಳುವುದಾದರೂ ಹೇಗೆ?

ಒಬ್ಬಾಕಿಗೆ ಯಾಕೆ ಎಂದು ಕಾಕು ತಮ್ಮ ಫ್ರಿಜ್ಜನ್ನು ತಮ್ಮನ ಮನೆಗೆ ಕೊಟ್ಟುಬಿಟ್ಟಿದ್ದರು. ಹಾಗಾಗಿ ನನ್ನದೇ ಅವರದೂ ಆಯಿತು. ಭಾನುವಾರ ಹೊತ್ತು ಮೂಡುತ್ತಲೇ ಮೆಟ್ಟಿಲ ಮೇಲೆ ಸ್ಟೀಲ್ ಡಬ್ಬಿಗಳ ಸದ್ದು. ಶಾಲೆಯ ಟೀಚರಾದ ನಾನು ಅವರಿಗೆ ಬಾಯಾರು.

"ಬಾಯಾರ, ಎದ್ದೀರೇನ್ರಿ? ಹಾಲು ಆರೈತ್ರಿ, ಬಾಗ್ಲಾ ತಗೀರಿ."

ಕಸ್ಟರ್ಡ್ ತೆಳ್ಳಗೆ ಕಾಸಿ ಆರಿಸಿ ತಂದಿರುತ್ತಿದ್ದರು. ಹಣ್ಣುಗಳನ್ನು ನನ್ನ ಅಡುಗೆಮನೆಯಲ್ಲೇ ಹೆಚ್ಚುತ್ತಿದ್ದರು. ಚಿಕ್ಕು, ಸೇಬು, ಅನಾನಸ್, ಐಗಳಿಯ ನೆಂಟರ ತೋಟದ ದ್ರಾಕ್ಷಿ. ತುಂಡುಗಳು ಒಂದಕ್ಕೊಂದು ಅಂಟಬಾರದೆಂದು ತಾಟಿನಲ್ಲಿ ಬಿಡಿಬಿಡಿಯಾಗಿ ಹರಡಿ ಫ್ರೀಜರಿಗೆ ಇಡುವರು. ಬಾಳೆಹಣ್ಣು ಮಾತ್ರ ಕೊನೆಗೆ, ಇಲ್ಲದಿದ್ದರೆ ಕಪ್ಪಾಗುತ್ತದೆ. ಕಸ್ಟರ್ಡ್ ಅರ್ಧ ಗಟ್ಟಿಯಾದಾಗ ಹೊರಗೆ ತೆಗೆದು ಕಡಗೋಲಿನಿಂದ ಕಡೆದು, ಹಣ್ಣು ಬೆರೆಸಿ, ಮತ್ತೆ ಒಳಗೆ. ಕಡೆಯದಿದ್ದರೆ ಹಲ್ಲಿಗೆ ಕಲ್ಲು ಸಿಕ್ಕಂತೆ ಬರ್ಫ ಸಿಗುತ್ತದೆ ಎನ್ನುತ್ತಿದ್ದರು. ಹೊತ್ತು ಮುಳುಗಿದ ಮೇಲೆ ಆ ಮನೆಯಲ್ಲಿ ಯಾರೂ ಏನೂ ತಿನ್ನುವಂತಿಲ್ಲ. ಅದಕ್ಕೆ ಬಿಸಿಲಿರುವಾಗಲೇ ಓಣಿಯ ಮಕ್ಕಳನ್ನು ಕರೆದು ಬಟ್ಟಲು ಹಂಚುತ್ತಿದ್ದರು. ತಾವು ಮಾತ್ರ ಒಂದು ಚಮಚವನ್ನೂ ಬಾಯಿಗೆ ಹಾಕುತ್ತಿರಲಿಲ್ಲ. ಮಗಳು ಹೋದ ದಿನವೇ ಬಿಟ್ಟಿದ್ದರು.

"ಮತ್ಯಾಕ ಮಾಡ್ತೀರಿ ಕಾಕು?" ಎಂದು ಒಮ್ಮೆ ಕೇಳಿದ್ದೆ.

"ಕೈ ಮರೀಬಾರ್ದಲ್ರಿ ಬಾಯಾರ," ಎಂದರು.

ಒಂದು ಮಳೆಗಾಲ ಆ ಸಂಘವೇ ಚಾತುರ್ಮಾಸಕ್ಕೆ ನಮ್ಮೂರಿಗೆ ಬಂತು. ನಾಲ್ಕು ತಿಂಗಳು ಮಗಳು ಎರಡು ಓಣಿ ಆಚೆ, ಬಸದಿಯ ಪಕ್ಕದಲ್ಲಿ! ಕಾಕುವಿನ ಹಂಬಲ ಒಂದೇ ಆಗಿತ್ತು. ತಮ್ಮ ಕೈಯಾರೆ ಒಮ್ಮೆ ಆಕೆಗೆ ಉಣಿಸಬೇಕು.

ಆದರೆ ಅದು ಕರೆದು ಎಲೆ ಹಾಕುವ ಮಾತಲ್ಲ. ಮಾತಾಜಿಯರು ದಿನಕ್ಕೊಮ್ಮೆ ಮಾತ್ರ ಆಹಾರಕ್ಕೆ ಹೊರಡುತ್ತಾರೆ. ಹೊರಡುವ ಮೊದಲು ಮನಸ್ಸಿನಲ್ಲೇ ಒಂದು ಗುರುತು ಇಟ್ಟುಕೊಂಡಿರುತ್ತಾರೆ. ತೆಂಗಿನಕಾಯಿ ಹಿಡಿದವರ ಮನೆ ಎಂದೋ, ಕಲಶ ಹಿಡಿದವರ ಮನೆ ಎಂದೋ. ಅದನ್ನು ಯಾರಿಗೂ ಹೇಳುವುದಿಲ್ಲ. ಮನೆಮನೆಯ ಬಾಗಿಲಲ್ಲಿ ಜನ ಏನೇನೋ ಹಿಡಿದು ನಿಂತು, ನಿಲ್ಲಿರಿ ನಿಲ್ಲಿರಿ ಎಂದು ಬೇಡುತ್ತಾರೆ. ಗುರುತು ಕಂಡಲ್ಲಿ ಮಾತ್ರ ಅವರು ನಿಲ್ಲುತ್ತಾರೆ, ಎಲ್ಲಿಯೂ ಕಾಣದಿದ್ದರೆ ಅಂದು ಉಪವಾಸ.

ಕಾಕು ಮೊದಲು ಎಲ್ಲರಂತೆ ಕಲಶ, ತೆಂಗಿನಕಾಯಿ ಹಿಡಿದರು. ಮಗಳು ನೆಲ ನೋಡುತ್ತ ಮುಂದೆ ಹೋದಳು. ಆಮೇಲೆ ಅವರಿಗೊಂದು ವಿಚಾರ ಹೊಳೆಯಿತು. ಎಷ್ಟಾದರೂ ನನ್ನ ಮಗಳು, ಅವಳ ಮನಸ್ಸಿಗೆ ಬರುವುದು ಅವಳಿಗೆ ಸೇರುವ ಹಣ್ಣೇ ಅಲ್ಲವೇ? ಆವತ್ತಿನಿಂದ ಕಾಕ್‌ಟೇಲಿನ ಹಣ್ಣುಗಳು ಒಂದೊಂದಾಗಿ ಬಾಗಿಲಿಗೆ ಬಂದವು. ಒಂದು ದಿನ ಅನಾನಸ್, ಇನ್ನೊಂದು ದಿನ ಸೇಬು. ದ್ರಾಕ್ಷಿಯ ಕಾಲವಲ್ಲವೆಂದು ಅಂಗೈ ತುಂಬ ಒಣದ್ರಾಕ್ಷಿ. ಎಲ್ಲಿಂದಲೋ ಚಿಕ್ಕು ತರಿಸಿದರು. ಶಾಲೆಗೆ ಹೊರಟ ನನ್ನನ್ನು ಮೆಟ್ಟಿಲಲ್ಲಿ ತಡೆದು, "ಬಾಯಾರ, ನೀವು ಲೆಕ್ಕದವರು. ನಾಳಿಗಿ ಏನ ಹಿಡೀಲಿ ಹೇಳ್ರಿ," ಎನ್ನುತ್ತಿದ್ದರು. ನನಗೆ ನಗು ಬರುತ್ತಿತ್ತು, ಆದರೂ ಒಂದು ಹಣ್ಣಿನ ಹೆಸರು ಹೇಳಿ ಇಳಿಯುತ್ತಿದ್ದೆ. ಮಗಳು ಮಾತ್ರ ಎದುರುಮನೆಯಲ್ಲಿ ನಿಂತಳು, ಮೂಲೆಮನೆಯಲ್ಲಿ ನಿಂತಳು, ತನ್ನ ಮನೆಯ ಮುಂದೆ ನಿಲ್ಲಲಿಲ್ಲ. ಬೇಕೆಂದೇ ನಿಲ್ಲುತ್ತಿಲ್ಲ ಎಂದು ಓಣಿಯ ಹೆಂಗಸರು ಪಿಸುಗುಟ್ಟಿದರು. ಅದು ಕಾಕುವಿನ ಕಿವಿಗೂ ಬಿದ್ದಿರಬೇಕು...

ಚಾತುರ್ಮಾಸ ಮುಗಿಯುತ್ತ ಬಂದಿತ್ತು. ಅಂದು ಶಾಲೆಗೆ ರಜೆ, ನಾನು ಮಾಳಿಗೆಯ ಮೆಟ್ಟಿಲ ಮೇಲಿದ್ದೆ. ಕಾಕು ಬಾಳೆಹಣ್ಣು ಹಿಡಿದು ನಿಂತಿದ್ದರು. ಮೊದಲೂ ಹಿಡಿದದ್ದೇ, ಹೊಸದೇನಲ್ಲ. ಮಗಳ ಬಿಳಿ ಸೀರೆ ಮನೆಯ ಮುಂದೆ ಬಂತು, ನಿಂತಿತು. ಗುರುತು ಬಾಳೆಹಣ್ಣೋ, ಬೇರೇನೋ, ನನಗೆ ಇಂದಿಗೂ ತಿಳಿಯದು. ಕಾಕು ಬಾಗಿ ವಂದಿಸಿ ಒಳಗೆ ಕರೆದೊಯ್ದರು.

ಮಡಿಯಲ್ಲಿಲ್ಲದ ನಾನು ಒಳಗೆ ಹೋಗುವಂತಿರಲಿಲ್ಲ, ಕೆಳಗಿಳಿದು ಕಿಟಕಿಯಿಂದ ನೋಡಿದೆ. ಮಾತಾಜಿ ಕುಳಿತು ಎರಡೂ ಕೈ ಕೂಡಿಸಿ ಬೊಗಸೆ ಮಾಡಿದರು. ಕಾಕು ಮೊದಲು ನೀರು ಹಾಕಿದರು, ಆಮೇಲೆ ರೊಟ್ಟಿಯ ಚೂರು, ಬೇಳೆ. ಕೊನೆಗೆ ಒಂದು ಬಟ್ಟಲು ಎತ್ತಿಕೊಂಡರು. ಅದರಲ್ಲಿ ಹಣ್ಣಿನ ತುಂಡುಗಳು, ಭಾನುವಾರ ಹೆಚ್ಚುತ್ತಿದ್ದ ಹಾಗೆಯೇ ಸಣ್ಣಗೆ, ಒಂದೇ ಅಳತೆಯವು. ಬರ್ಫವಿಲ್ಲ, ಕಸ್ಟರ್ಡಿಲ್ಲ, ಬರೀ ಹಣ್ಣು. ಚಮಚ ಮುಂದೆ ಬಂತು, ಬೊಗಸೆ ಹಿಂದೆ ಸರಿಯಿತು.

ಜೊತೆಗೆ ಬಂದಿದ್ದ ಹೆಂಗಸು ಮೆಲ್ಲಗೆ ಹೇಳಿದಳು, "ಮಾತಾಜಿ ದೀಕ್ಷಾದ ದಿನಾನ ಹಣ್ಣು ಬಿಟ್ಟಾರ್ರಿ. ಜೀವ ಇರೂತನಕ."

ಕಾಕು ಚಮಚವನ್ನು ಬಟ್ಟಲಿಗೆ ಇಳಿಸಿ, ಬೇಳೆಯ ಪಾತ್ರೆ ಎತ್ತಿಕೊಂಡರು.

ಮಧ್ಯಾಹ್ನ ಆ ಬಟ್ಟಲು ಹಿಡಿದು ಮೇಲೆ ಬಂದರು. ಭಾನುವಾರವಲ್ಲ, ಆದರೂ ಹಾಲು ಕಾಸಿದರು, ಆರಿಸಿದರು, ಫ್ರೀಜರಿಗಿಟ್ಟರು. ಹೊತ್ತು ಹೊತ್ತಿಗೆ ತೆಗೆದು ಕಡೆದರು. ಎಲ್ಲ ಮುಗಿದ ಮೇಲೆ ನೆಲದ ಮೇಲೆ ಕುಳಿತು ಹೇಳಿದರು.

"ಆಕಿ ಮನೀ ಬಿಟ್ಟಾಗ ನಾ ಅಳಲಿಲ್ರಿ ಬಾಯಾರ. ಹೆಸರು ಬದಲ ಮಾಡಿದ್ರು, ಕೂದಲಾ ಕಿತ್ತಿದ್ರು, ಆಗ್ಲೂ ಅಳಲಿಲ್ಲ. ಆಕಿಗಿ ಏನ ಸೇರ್ತೈತಿ ಅನ್ನೂದು ಜಗತ್ತಿನಾಗ ನನಗೊಬ್ಬಾಕಿಗೇ ಗೊತ್ತೈತಿ ಅಂತ ಅನ್ಕೊಂಡಿದ್ದೆ. ಅಷ್ಟರ ಮ್ಯಾಲ ಬದುಕಿದ್ದೆ..."

ಅವರು ಅತ್ತರು. ನಾನು ಪಕ್ಕದಲ್ಲಿ ಕುಳಿತೆ.

ಸಂಘ ಹೊರಟಾಗ ಕಾಕುವೂ ಮನೆಗೆ ಬೀಗ ಹಾಕಿ ಹೊರಟರು. ಸಂಘದ ಜೊತೆ ನಡೆಯುತ್ತ ಊರೂರಲ್ಲಿ ಆಹಾರ ಬೇಯಿಸುವ ಹೆಂಗಸರಿರುತ್ತಾರೆ, ಅವರಲ್ಲಿ ಒಬ್ಬರಾದರು. "ಹಣ್ಣು ಬ್ಯಾಡಾದ್ರ ಬ್ಯಾಡ, ಬ್ಯಾಳಿ ಬೇಯಸ್ತೀನಿ," ಎಂದಷ್ಟೇ ಹೇಳಿದರು. ನನಗೆ ಸಂತೋಷಪಡಲು ಆಗಲಿಲ್ಲ. ಅವರಿಗೆ ಮಗಳು ಅಷ್ಟಾದರೂ ಸಿಕ್ಕಳು, ನನ್ನ ಪಾಲಿಗೆ ಮೆಟ್ಟಿಲ ಮೇಲಿನ ಸದ್ದೂ ನಿಂತುಹೋಯಿತು. ಮುಂದೆ ನನಗೆ ಚಿಕ್ಕೋಡಿಗೆ ವರ್ಗವಾಯಿತು. ಮಹಾರಾಷ್ಟ್ರದ ಯಾವುದೋ ಹಳ್ಳಿಯಲ್ಲಿ ಕಾಕು ತೀರಿಕೊಂಡರೆಂದು ಬಹಳ ದಿನಗಳ ಮೇಲೆ ತಿಳಿಯಿತು. ಹೇಳಿದವರಿಗೂ ಆ ಹಳ್ಳಿಯ ಹೆಸರು ನೆನಪಿರಲಿಲ್ಲ.

ಈಗ ನಾನು ನಿವೃತ್ತಳು. ಬೇಸಿಗೆ ಬಂದರೆ ಕಾಕ್‌ಟೇಲ್ ಮಾಡುತ್ತೇನೆ, ಅವರು ಮಾಡಿದ ಹಾಗೆಯೇ. ಮೊನ್ನೆ ಕರಗಿದ್ದನ್ನು ಚೆಲ್ಲಲು ಮನಸ್ಸಾಗದೆ, ಬಟ್ಟಲಿಗೆ ಸುರಿದುಕೊಂಡು ಕಿಟಕಿಯ ಬಳಿ ಕುಳಿತೆ. ತಿನ್ನುವಾಗ ಅನಾನಸಿನ ತುಂಡುಗಳನ್ನು ಒಂದೊಂದಾಗಿ ಪಕ್ಕಕ್ಕೆ ಇಡುತ್ತಿದ್ದೆ. ನನಗೆ ಅನಾನಸ್ ಸೇರುವುದಿಲ್ಲ. ನಿಪ್ಪಾಣಿಯಲ್ಲಿ ನನ್ನ ಬಟ್ಟಲಿಗೆ ಅದು ಎಂದೂ ಬೀಳುತ್ತಿರಲಿಲ್ಲ. ಸೇರುವುದಿಲ್ಲ ಎಂದು ನಾನು ಕಾಕುವಿಗೆ ಹೇಳಿದ ನೆನಪೂ ಇಲ್ಲ, ಅವರೇ ನೋಡಿ ತಿಳಿದುಕೊಂಡಿದ್ದರು. ಈಗ ಅದು ಗೊತ್ತಿರುವವರು ಯಾರಿದ್ದಾರೆ ಎಂದು ಬಹಳ ಹೊತ್ತು ಯೋಚಿಸಿದೆ. ಯಾರೂ ಇಲ್ಲ.