ಅವ್ವನ ಫ್ರೀ

ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತರೆ ನನಗೆ ಅರ್ಧ ನಿದ್ದೆ, ಅರ್ಧ ಎಚ್ಚರ. ಜೋಳದ ಹೊಲಗಳು ತೇಲಿಕೊಂಡು ಹಿಂದೆ ಹೋಗುತ್ತವೆ. ಸುತ್ತಲಿನ ಮಾತೆಲ್ಲ ಕರಗಿ ಒಂದೇ ಪದ ಕಿವಿಯಲ್ಲಿ ಉಳಿಯುತ್ತದೆ: ಫ್ರೀ. ಹಿಂದಿನ ಸೀಟಿನವಳು ಫೋನಿನಲ್ಲಿ ಯಾರನ್ನೋ ಫ್ರೀ ಇದ್ದೀಯೇನು ಎಂದು ಕೇಳುತ್ತಾಳೆ. ಮುಂದಿನವಳ ಸೊಸೆ ಎಲ್ಲರ ಜೊತೆ ಬಲು ಫ್ರೀಯಂತೆ. ಅದು ಹೊಗಳಿಕೆಯೋ ದೂರೋ ದನಿಯಿಂದ ತಿಳಿಯುವುದಿಲ್ಲ. ಬಾಗಿಲ ಬಳಿಯ ಅಜ್ಜನೊಬ್ಬ, ಕಷಾಯ ಕುಡಿದು ಹೊಟ್ಟೆ ಫ್ರೀ ಆದ ಶುಭಸುದ್ದಿಯನ್ನು ಇಡೀ ಬಸ್ಸಿಗೆ ಹಂಚುತ್ತಾನೆ. ನಡುವೆ ಕಂಡಕ್ಟರು ಹೆಂಗಸರಿಗೆ ಫ್ರೀ ಟಿಕೆಟ್ ಹರಿದು ಕೊಡುತ್ತಾ ಬರುತ್ತಾನೆ.

ಅವ್ವನಿಗೆ ಈ ಪದ ಬಸ್ಸಿಗಿಂತ ಎಷ್ಟೋ ಮೊದಲೇ ಗೊತ್ತು. ಅವಳು ಓಣಿಯ ಹೆಂಗಸರಿಗೆಲ್ಲ ಬಟ್ಟೆ ಹೊಲಿಯುವವಳು. ಹೊಲಿಗೆಯಲ್ಲಿ ಫ್ರೀ ಎಂದರೆ ಸಡಿಲ. ಅಳತೆ ತೆಗೆದುಕೊಂಡ ಮೇಲೆ ತಪ್ಪದೆ, ಸ್ವಲ್ಪ ಫ್ರೀ ಇರಲಿ, ಎನ್ನುತ್ತಾಳೆ. ಹೊಲಿಗೆಯ ಒಳಬದಿಗೆ ಎರಡು ಬೆರಳು ಬಟ್ಟೆ ಬಿಡುತ್ತಾಳೆ, ಮೈ ಬಂದರೆ ಬಿಚ್ಚಿಕೊಳ್ಳಲಿ ಎಂದು. ನನ್ನ ಶಾಲೆಯ ಲಂಗಗಳನ್ನೆಲ್ಲ ಅವಳು ಮುಂದಿನ ವರ್ಷದ ನನಗಾಗಿ ಹೊಲಿದಿದ್ದಳು. ಆ ವರ್ಷದ ನಾನು ಅವುಗಳೊಳಗೆ ಎಲ್ಲೋ ಕಳೆದುಹೋಗಿರುತ್ತಿದ್ದೆ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಅವ್ವನಿಗೆ ಒಬ್ಬಳೇ ತಂಗಿ, ನನ್ನ ಚಿಗವ್ವ. ಕೊಟ್ಟದ್ದು ಹಡಗಲಿಗೆ. ನಮ್ಮ ಅಪ್ಪನಿಗೂ ಅವಳ ಗಂಡ ಚಿಗಪ್ಪನಿಗೂ ಯಾವುದೋ ಮದುವೆಯ ಪಂಕ್ತಿಯಲ್ಲಿ ಮಾತಿಗೆ ಮಾತು ಬೆಳೆದು, ಒಬ್ಬರ ಹೊಸ್ತಿಲು ಇನ್ನೊಬ್ಬರು ತುಳಿಯಬಾರದು ಎಂದಾಯಿತು. ಜಗಳ ಆಡಿದವರು ಗಂಡಸರು, ಶಿಕ್ಷೆ ಮಾತ್ರ ಈ ಇಬ್ಬರಿಗೆ. ವರ್ಷಗಟ್ಟಲೆ ಅಕ್ಕತಂಗಿ ಮುಖ ನೋಡಲಿಲ್ಲ. ಬಸ್ಸು ಫ್ರೀ ಆದದ್ದೇ ತಡ, ಚಾರ್ಜಿಗೆ ಗಂಡನ ಮುಂದೆ ಕೈಚಾಚಬೇಕಿಲ್ಲವಲ್ಲ, ಇಬ್ಬರೂ ಒಂದು ಉಪಾಯ ಹೂಡಿದರು. ಅವ್ವ ಇಲ್ಲಿಂದ, ಚಿಗವ್ವ ಅಲ್ಲಿಂದ ಹೊರಟು ನಡುದಾರಿಯ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕೂಡುವುದು. ಅಲ್ಲಿ ಯಾರ ಹೊಸ್ತಿಲೂ ಇಲ್ಲ. ಅವ್ವನ ರೊಟ್ಟಿ, ಪುಂಡಿಪಲ್ಯ, ಚಿಗವ್ವ ತಂದ ಮಲ್ಲಿಗೆ. ಬೆಂಚಿನ ಮೇಲೆ ಒಬ್ಬರ ತಲೆ ಒಬ್ಬರು ಬಾಚಿ ಹೂ ಮುಡಿಸುವರು. ಮಧ್ಯಾಹ್ನ ಇಳಿಯುತ್ತಲೇ ಒಬ್ಬಳು ಇತ್ತ, ಒಬ್ಬಳು ಅತ್ತ. ರಜೆ ಇದ್ದ ದಿನ ನಾನೂ ಹೋಗಿ ಅವರ ಪಕ್ಕದಲ್ಲಿ ತೂಕಡಿಸುತ್ತಿದ್ದೆ. ಬಸ್ಸುಗಳ ಧೂಳಿನ ನಡುವೆ ಆ ಬೆಂಚು ಅವರ ತವರಿನ ಪಡಸಾಲೆಯಂತೆ ಕಾಣುತ್ತಿತ್ತು.

ಕಳೆದ ಶ್ರಾವಣದಲ್ಲಿ ಅವ್ವ ತಂಗಿಗೊಂದು ಜಂಪರ್ ಹೊಲಿದಳು, ಅಳತೆ ಇಲ್ಲದೆ, ಕೈಗೆ ಇದ್ದ ನೆನಪಿನಿಂದಲೇ. ಚಿಗವ್ವ ಹೆಂಗಸರ ಕೋಣೆಗೆ ಹೋಗಿ ಅದನ್ನು ತೊಟ್ಟು ಬಂದಳು. ತೋಳು ಜೋತಾಡುತ್ತಿತ್ತು, ಬೆನ್ನಿನ ಬಟ್ಟೆ ಮುದುರಿ ನಿಂತಿತ್ತು. ಅವ್ವನ ಫ್ರೀ ಮತ್ತೆ ಕೆಲಸ ಕೆಡಿಸಿತು ಎಂದು ನಾನು ನಕ್ಕೆ. ಅವ್ವ ನಗಲಿಲ್ಲ. ತೋಳಿನ ಸಡಿಲವನ್ನು ಹಿಡಿದು ನೋಡಿದಳು. ಅದು ಮುಷ್ಟಿ ತುಂಬ ಬಂತು.

"ಯಾವಾಗಿಂದ?" ಎಂದಳು.

ಚಿಗವ್ವ ಒಂದೇ ಉಸಿರಿಗೆ ಹೇಳಿಬಿಟ್ಟಳು. ಯುಗಾದಿಯಿಂದ ಊಟ ಸೇರುತ್ತಿಲ್ಲ. ದಾವಣಗೆರೆಯ ಡಾಕ್ಟರು ಹೊಟ್ಟೆಯಲ್ಲಿ ಗಡ್ಡೆ ಎಂದಿದ್ದಾರೆ, ಮುಂದಿನ ವಾರ ಆಪರೇಷನ್. ಅಕ್ಕ ಸುಮ್ಮನೆ ಹೆದರುತ್ತಾಳೆ ಎಂದು ಇಷ್ಟು ದಿನ ಸೆರಗು ಹೊದ್ದು ಬರುತ್ತಿದ್ದಳಂತೆ. ಬಿಚ್ಚಿ ಕೊಡು, ಇಲ್ಲೇ ಬಿಗಿ ಮಾಡುತ್ತೇನೆ, ಎಂದು ಅವ್ವ ಚೀಲದಲ್ಲಿ ಸೂಜಿ ತಡಕಾಡಿದಳು. ಚಿಗವ್ವ ಅವಳ ಕೈ ಹಿಡಿದುಕೊಂಡಳು.

"ಬ್ಯಾಡ ಬೇ ಯಕ್ಕಾ. ಫ್ರೀನ ಇರ್ಲಿ. ಮತ್ತ ಮೈ ತುಂಬ್ಕಂತೀನಿ."

ಹೊತ್ತಾಯಿತು. ನಾನು ಕೊಟ್ಟೂರಿನ ಬಸ್ಸು ಹತ್ತಿ ಅವ್ವನಿಗೆ ಸೀಟು ಹಿಡಿದೆ. ಹೊರಗೆ ನೋಡಿದರೆ ಅವಳು ತಂಗಿಯ ಬೆನ್ನಿಗೇ ಹಡಗಲಿ ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಾಳೆ. ಓಡಿಹೋಗಿ, ಅಪ್ಪನಿಗೆ ಏನು ಹೇಳಲಿ ಎಂದು ಕೇಳಿದೆ. ಅವಳು ಕಿಟಕಿಯಿಂದ ಖಾಲಿ ರೊಟ್ಟಿಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

"ತಂಗಿ ಮನಿಗೆ ಹೋಗ್ಯಾಳ ಅನ್ನು. ಯಾವಾಗ ಬರ್ತಾಳೋ ಗೊತ್ತಿಲ್ಲ ಅನ್ನು."

ಕಂಡಕ್ಟರು ಬಂದು ಎಲ್ಲಿಗೆ ಎಂದ. ಅವ್ವ ಹಡಗಲಿ ಎಂದಳು. ಅಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದಿದ್ದ ಹೆಸರು. ಅವನು ತಲೆ ಕೂಡ ಎತ್ತದೆ ಟಿಕೆಟ್ ಹರಿದು ಕೊಟ್ಟ. ನನಗೆ ಅಳು ಬಂತು. ಬಸ್ಸು ಹೊರಟಾಗ ಕಿಟಕಿಯಿಂದ ಗಾಳಿ ನುಗ್ಗಿ ಚಿಗವ್ವನ ಜೋತ ತೋಳು ಉಬ್ಬಿಕೊಂಡಿತು. ಒಂದು ಗಳಿಗೆ ಅವಳು ಮೈ ತುಂಬಿಕೊಂಡ ಹಾಗೇ ಕಂಡಳು.