ಕ್ರೇನಕ್ಕನಿಗೆ ಬಂದ ಇಪ್ಪತ್ತೇಳು

ಈಗಷ್ಟೇ ಬೆಳಕು ಹರಿಯುತ್ತಿದೆ. ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಕಾಲಿನ ಶಕ್ತಿ ಕಳೆದುಕೊಂಡ ಅಜ್ಜಿಯೊಬ್ಬರ ಬೆನ್ನಿನಡಿ ತೋಳು ತೂರಿಸಿ ಸಹಾಯಕಿಯೊಬ್ಬರು ಮೊಣಕಾಲು ಬಗ್ಗಿಸುತ್ತಾರೆ. "ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ಳಿ ಅಜ್ಜಿ, ನನ್ಹತ್ರ ಎಂಥ ನಾಚಿಕೆ!" ಎನ್ನುತ್ತಲೇ ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿಯೇಬಿಡುತ್ತಾರೆ.

ಇಡೀ ಆಸ್ಪತ್ರೆಗೆ ಇವರು ಕ್ರೇನಕ್ಕ. ಹತ್ತೊಂಬತ್ತು ವರ್ಷಗಳಿಂದ ರೋಗಿಗಳನ್ನು ಎತ್ತಿ ಇಳಿಸುವುದೇ ಕೆಲಸ. ದಿನಕ್ಕೆ ಮೂವತ್ತು ಜನಕ್ಕೆ ಕಡಿಮೆಯಿಲ್ಲ.

ಕಳೆದ ವರ್ಷ ಸಿಬ್ಬಂದಿ ಮತ್ತು ಮನೆಯವರ ಆರೋಗ್ಯ ತಪಾಸಣೆ ನಡೆಯಿತು. ತೂಕವನ್ನು ಎತ್ತರದೊಂದಿಗೆ ತಾಳೆ ಹಾಕುವ ಬಿಎಂಐ ಲೆಕ್ಕದಲ್ಲಿ ಅಕ್ಕನಿಗೆ ಬಂದದ್ದು ಇಪ್ಪತ್ತೇಳು. ಅತಿ ತೂಕ! ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ದರ್ಜಿ ಗಂಡನಿಗೆ ಇಪ್ಪತ್ತೆರಡು. "ನಾನು ಪಾಸು, ನೀನು ಫೇಲು ಕಣೇ," ಎಂದು ಅವರು ಮನೆತನಕ ನಗುತ್ತಲೇ ಬಂದರು.

ಅಕ್ಕ ತೂಕ ಇಳಿಸಲು ಹೊರಟರು. ರಾತ್ರಿಯೂಟ ಬಿಟ್ಟರು. ಆಮೇಲೆ ಬೆಳಗಿನ ತಿಂಡಿಯನ್ನೂ. ಮೂರು ವಾರ ಕಳೆದಿರಬೇಕು, ರೋಗಿಯೊಬ್ಬರನ್ನು ಎತ್ತಿ ಹಿಡಿದಿದ್ದಾಗಲೇ ಕಣ್ಣು ಕತ್ತಲಿಟ್ಟಿತು. ನರ್ಸ್ ಓಡಿ ಬಂದು ರೋಗಿಯನ್ನು ಹಿಡಿದುಕೊಂಡರು. "ಮಂಚದ ಕಬ್ಬಿಣಕ್ಕೂ ಅವರ ತಲೆಗೂ ಒಂದು ಗೇಣು ಇತ್ತು, ಅಷ್ಟೇ," ಎಂದು ನೆನೆಯುತ್ತಾರೆ ಅಕ್ಕ.

ವೈದ್ಯೆ ಚೆನ್ನಾಗಿ ಬೈದರು. ಸೊಂಟದ ಸುತ್ತಳತೆ ತೆಗೆದರು, ರಕ್ತ ಪರೀಕ್ಷಿಸಿದರು. ಯಾವುದರಲ್ಲೂ ದೋಷವಿಲ್ಲ. "ಯಾವುದು ಸ್ನಾಯು, ಯಾವುದು ಕೊಬ್ಬು ಅಂತ ಆ ಅಂಕಿಗೆ ಗೊತ್ತಾಗಲ್ಲಮ್ಮ. ಕೊಬ್ಬು ಎಲ್ಲಿ ಸೇರ್ಕೊಂಡಿದೆ ಅಂತಾನೂ ಹೇಳಲ್ಲ. ಅದೊಂದು ಸುಳಿವು. ಅದನ್ನೇ ತೀರ್ಪು ಅಂದ್ಕೊಂಡು ಉಪವಾಸ ಬೀಳೋದಾ?"

ಹೆಂಡತಿಯನ್ನು ಕರೆದೊಯ್ಯಲು ಬಂದಿದ್ದ ದರ್ಜಿ ಬಾಗಿಲಲ್ಲೇ ನಿಂತಿದ್ದರು. ಕಡ್ಡಿಯಂಥ ಕೈಕಾಲು, ಅಂಗಿಯ ಗುಂಡಿ ಜಗ್ಗುವ ಹೊಟ್ಟೆ. ವೈದ್ಯೆಯ ಕಣ್ಣು ಅಲ್ಲಿಗೆ ಹೊರಳಿತು. "ನೀವೂ ಬನ್ನಿ, ಸೊಂಟ ಅಳೆಯೋಣ."

ಸೊಂಟ ಅಳತೆ ಮೀರಿತ್ತು. ಪಾಸಾದವರ ರಕ್ತದಲ್ಲಿ ಸಕ್ಕರೆಯೂ ಮಿತಿ ಮೀರಿತ್ತು!

"ಅದು ಬೇರೆ ಯಾರದ್ದೋ ರಕ್ತ ಅಂತ ಜಗಳಕ್ಕೇ ನಿಂತ್ರು," ಎನ್ನುತ್ತಾರೆ ಅಕ್ಕ. "ಮತ್ತೊಮ್ಮೆ ಮಾಡಿಸಿದ್ರೂ ಅದೇ ಬಂತು. ಫೇಲಾದೋಳು ನಾನಲ್ವಾ, ಇವರಿಗೆ ಹೇಗೆ ಬಂತು?"

ಈಗ ದರ್ಜಿ ಮಾತ್ರೆ ತಪ್ಪಿಸುವುದಿಲ್ಲ. ಆಗಾಗ ಯಂತ್ರ ನಿಲ್ಲಿಸಿ ಎದ್ದು ಓಡಾಡುತ್ತಾರೆ. ನಸುಕಿನಲ್ಲಿ ಹೆಂಡತಿಯ ಜೊತೆ ಆಸ್ಪತ್ರೆಯ ಗೇಟಿನವರೆಗೆ ನಡೆದು ಬರುತ್ತಾರೆ. ಅಕ್ಕ ಹೊಟ್ಟೆ ತುಂಬ ತಿಂದೇ ಕೆಲಸಕ್ಕಿಳಿಯುತ್ತಾರೆ.

ಮರುದಿನ ನಸುಕಿನಲ್ಲಿ ಗೇಟಿನ ಬಳಿ, ಏನಾದರೂ ಆಸೆ ಉಂಟೇ ಎಂದು ಕೇಳಿದರೆ, ಗೇಟಿನಿಂದ ಹಿಂತಿರುಗುತ್ತಿರುವ ಗಂಡನ ಬೆನ್ನನ್ನೇ ನೋಡುತ್ತಾರೆ.

"ದಿನಾ ಯಾರ್ಯಾರನ್ನೋ ಎತ್ತುತ್ತೀನಿ, ಬೇಜಾರಿಲ್ಲ. ಇವರನ್ನ ಎತ್ತೋ ದಿನ ಮಾತ್ರ ಬರಬಾರದು."